ಗಡುವು ಮುಗಿದ ಕಂಪ್ಯೂಟರಿಗೆ ಲಿನಕ್ಸ್

ಹುಬ್ಬಳ್ಳಿಯ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿಗಳಲ್ಲಿ ಈಗ ಗಿರಾಕಿಯ ಕಾಲ ನಡೆದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಹೋಗಲಿ, ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇರಬೇಕು. ಹೀಗಾಗಿ ದೊಡ್ಡ ದೊಡ್ಡ ಕಚೇರಿಗಳು ಆರನೇ, ಏಳನೇ ತಲೆಮಾರಿನ ಡೆಸ್ಕ್‌ಟಾಪು ಲ್ಯಾಪ್‌ಟಾಪುಗಳನ್ನು ಲಾಟ್ ಲೆಕ್ಕದಲ್ಲಿ ಹೊರಹಾಕುತ್ತವೆ. ಎಂಟು ವರ್ಷ ಎ.ಸಿ. ಕೋಣೆಯಲ್ಲಿ ಕೂತಿದ್ದ ಗಟ್ಟಿಮುಟ್ಟಾದ ಯಂತ್ರಗಳು ಅವು.

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯವರಿಗೆ ಪೇಟೆ ಅಂದರೆ ಮುಂಡಗೋಡ, ದೊಡ್ಡ ಪೇಟೆ ಅಂದರೆ ಹುಬ್ಬಳ್ಳಿ. ಮಗಳು ಡಿಗ್ರಿ ಸೇರಿದಳು, ಮನೆಗೊಂದು ಕಂಪ್ಯೂಟರ್ ಬೇಕು ಎಂದು ಬಸ್ಸು ಹತ್ತಿ ಹೋದ ಅಪ್ಪನಿಗೆ ಅಂಗಡಿಯವನು ಬಿಲ್ಲಿಗಿಂತ ಮೊದಲು ಕೇಳುವುದು ಒಂದೇ: “ಅಣ್ಣಾರ, ವಿಂಡೋಸ್ ಹಾಕಿ ಕೊಡ್ಲೇನ್ರಿ?” ಹಾಗೆ ಹಾಕಿ ಕೊಡುವುದು ಅಂದರೆ ಏನೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಅರ್ಧಂಬರ್ಧ ಗೊತ್ತು. ಲೈಸೆನ್ಸ್ ಇಲ್ಲದ ಪ್ರತಿ, ಅದನ್ನು ಮೂಲದ್ದೇ ಎಂದು ನಂಬಿಸಲು ಎಲ್ಲಿಂದಲೋ ಇಳಿಸಿದ ಒಂದು ಆಕ್ಟಿವೇಟರ್. ಆ ಆಕ್ಟಿವೇಟರ್ ಓಡಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಮನೆಯ ಬ್ಯಾಂಕ್ ವ್ಯವಹಾರ, ಮಗಳ ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಪ್ರತಿ ಎಲ್ಲವೂ ಮುಂದೆ ಇದೇ ಯಂತ್ರದಲ್ಲಿ ಕೂರುತ್ತವೆ. ಅದರ ಬಾಗಿಲನ್ನು ಮೊದಲ ದಿನವೇ ಗುರುತಿಲ್ಲದವನಿಗೆ ತೆರೆದು ಕೊಟ್ಟಂತಾಯಿತು.

ನನ್ನ ಮಾತು ಇಷ್ಟೇ. ಆ ಕಂಪ್ಯೂಟರ್ ಕೆಟ್ಟಿಲ್ಲ, ಅದರ ಮೇಲಿದ್ದ ತಂತ್ರಾಂಶದ ಗಡುವು ಮುಗಿದಿದೆ. ಹಾಗಾಗಿ ತಂತ್ರಾಂಶ ಬದಲಿಸಿ. ಲಿನಕ್ಸ್ ಹಾಕಿಕೊಳ್ಳಿ, ವಿಂಡೋಸಿಗೆಂದು ತೆಗೆದಿಟ್ಟ ದುಡ್ಡಿದ್ದರೆ ಹಾರ್ಡ್‌ಡಿಸ್ಕಿನ ಬದಲು ಕೂರುವ ಎಸ್‌ಎಸ್‌ಡಿಗೆ ಹಾಕಿ.

ಲಿನಕ್ಸ್ ಹೊಸದೇನೂ ಅಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು, ಅಂದರೆ ಕರ್ನೆಲನ್ನು, ಬರೆದರು. ಅದಕ್ಕೂ ಎಂಟು ವರ್ಷ ಮುಂಚೆ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಗ್ನೂ ವ್ಯವಸ್ಥೆಯ ಕೆಲಸ ಸಾರಿದ್ದರು. ಎರಡೂ ಕೂಡಿದ್ದರಿಂದ ಇಂದಿನ ಉಬುಂಟು, ಡೆಬಿಯನ್, ಮಿಂಟ್ ಮುಂತಾದವು ಹುಟ್ಟಿದವು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ತಿರುಳೇ. ಹತ್ತಾರು ಹೆಸರುಗಳಲ್ಲಿ ಯಾವುದು ಎಂದು ಕೇಳಿದರೆ ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ನಮ್ಮದೇ ಸಿ-ಡ್ಯಾಕ್ ರೂಪಿಸಿದ ಬಾಸ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಡೆಬಿಯನ್ ಆಧಾರಿತ, ಭಾರತೀಯ ಭಾಷೆಗಳ ಕಾಳಜಿ ಇರುವ ವ್ಯವಸ್ಥೆ. ಆದರೆ ಹಳ್ಳಿಯಲ್ಲಿ ಕೂತು ಏನಾದರೂ ಸಿಕ್ಕಿಕೊಂಡಾಗ ಯೂಟ್ಯೂಬಿನಲ್ಲಿ ಹುಡುಕಿದರೆ ಮಿಂಟ್‌ಗೆ ಸಿಗುವಷ್ಟು ಉತ್ತರ ಬಾಸ್‌ಗೆ ಸಿಗುವುದಿಲ್ಲ. ಹೊಸಬನಿಗೆ ಅದೇ ದೊಡ್ಡ ಆಧಾರ. ಮಿಂಟ್‌ನ 22 ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆ ಬರುತ್ತದೆ. ಮಗಳ ಡಿಗ್ರಿ ಮುಗಿಯುವಷ್ಟು ಕಾಲ ಧಾರಾಳ.

ಯಾರಿಗೆ ಬೇಡ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಾಮ ಒನ್ ಕೇಂದ್ರ ನಡೆಸುವವರು, ಬೆರಳಚ್ಚು ಯಂತ್ರ ಜೋಡಿಸಿ ಆಧಾರ್ ಆಧಾರಿತ ಪಾವತಿ ಮಾಡಿಸುವವರು ಲಿನಕ್ಸಿನ ಸಹವಾಸಕ್ಕೆ ಬರಬೇಡಿ. ಆ ಯಂತ್ರಗಳ ತಂತ್ರಾಂಶ ಬಹುಮಟ್ಟಿಗೆ ವಿಂಡೋಸ್ ಮತ್ತು ಆಂಡ್ರಾಯ್ಡಿಗೆಂದೇ ಬರುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಫೋಟೊಶಾಪಿನಲ್ಲಿ ಮದುವೆ ಆಲ್ಬಂ ಮಾಡುವ ಸ್ಟುಡಿಯೊದವರಿಗೂ ಇದೇ ಮಾತು. ಸರ್ಕಾರಿ ನೌಕರಿಗೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಪರೀಕ್ಷೆ ಕೊಡಲು ತಯಾರಾಗುವವರು ಪರೀಕ್ಷೆಯಲ್ಲಿ ಇರುವ ವ್ಯವಸ್ಥೆಯಲ್ಲೇ ಕೈ ಪಳಗಿಸುವುದು ಒಳ್ಳೆಯದು. ಉಳಿದವರ ಕೆಲಸ ಏನಿದೆ? ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಯೂಟ್ಯೂಬ್ ಪಾಠ, ಪಿಡಿಎಫ್ ಓದು, ಒಂದು ಪ್ರಾಜೆಕ್ಟ್ ವರದಿ ಬರೆದು ಪ್ರಿಂಟ್ ತೆಗೆಯುವುದು. ಇವೆಲ್ಲ ಬ್ರೌಸರಿನಲ್ಲೋ ಲಿಬ್ರೆ ಆಫೀಸಿನಲ್ಲೋ ಆಗುವ ಕೆಲಸ. ಫೈರ್‌ಫಾಕ್ಸ್ ಮಿಂಟ್‌ನಲ್ಲಿ ಹಾಕಿಯೇ ಬರುತ್ತದೆ, ಕ್ರೋಮ್ ಬೇಕಾದವರು ಇಳಿಸಿಕೊಳ್ಳಬಹುದು.

ಯಂತ್ರ ಕೊಳ್ಳುವಾಗ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಪ್ರೊಸೆಸರಿನ ಹೆಸರು ನೋಡಬೇಕು. ಐ5-6500 ಎಂದಿದ್ದರೆ ಅಡ್ಡಗೆರೆಯ ನಂತರದ ಮೊದಲ ಅಂಕಿ ಆರು, ಅಂದರೆ ಆರನೇ ತಲೆಮಾರು. ಏಳೂ ನಡೆದೀತು. ಎಂಟು ಇದ್ದರೆ ಮುಂದೆ ವಿಂಡೋಸ್ 11ರ ದಾರಿಯೂ ತೆರೆದಿರುತ್ತದೆ, ಆದರೆ ಅಂಗಡಿಯವನಿಗೂ ಅದು ಗೊತ್ತಿರುವುದರಿಂದ ಬೆಲೆ ಏರುತ್ತದೆ. ರ‍್ಯಾಮ್ 8 ಜಿಬಿ ಇರಲಿ. ಮಿಂಟ್ 2 ಜಿಬಿಯಲ್ಲೂ ಏಳುತ್ತದೆ, 4 ಇದ್ದರೆ ಹಾಯಾಗಿರುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಅದು ವ್ಯವಸ್ಥೆಯ ಲೆಕ್ಕ, ಬ್ರೌಸರಿನ ಹಸಿವು ಬೇರೆ. ಇನ್ನು ಆ ಯಂತ್ರದಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಹಳೇ ಕಂಪ್ಯೂಟರಿನ ನಿಧಾನಕ್ಕೆ ಬಹಳ ಸಲ ಕಾರಣ ಆ ತಿರುಗುವ ತಟ್ಟೆಯೇ. ಹಳೇ ಡಿಸ್ಕನ್ನು ಬಿಸಾಡಬೇಡಿ, ಅದಕ್ಕೊಂದು ಯುಎಸ್‌ಬಿ ಡಬ್ಬಿ ಹಾಕಿಸಿಕೊಂಡರೆ ಫೋಟೊ, ಕಡತಗಳ ಬ್ಯಾಕಪ್ಪಿಗೆ ಬರುತ್ತದೆ.

ಕೊಳ್ಳುವ ಗಡಿಬಿಡಿಯಲ್ಲಿ ಮರೆತುಹೋಗುವ ಒಂದು ಸಂಗತಿ ಪ್ರಿಂಟರ್. ಎಚ್‌ಪಿ ಪ್ರಿಂಟರುಗಳಿಗೆ ಆ ಕಂಪನಿಯೇ ಲಿನಕ್ಸ್ ಡ್ರೈವರ್ ಕೊಡುತ್ತದೆ, ಬಹುತೇಕ ಹಾಕಿದ ಕೂಡಲೇ ಓಡುತ್ತವೆ. ನಮ್ಮೂರುಗಳ ಜೆರಾಕ್ಸ್ ಅಂಗಡಿ, ಸೊಸೈಟಿ, ಶಾಲೆಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸಿನಲ್ಲಿ ಹಟಮಾರಿ ಎಂದೇ ಹೆಸರಾದದ್ದು. ಮನೆಯಲ್ಲಿ ಅದೇ ಇದ್ದರೆ, ಪಿಡಿಎಫ್ ಮಾಡಿ ಬೇರೆ ಕಡೆ ಪ್ರಿಂಟ್ ತೆಗೆಸುವ ಮನಸ್ಸು ಮಾಡಿಕೊಳ್ಳಿ.

ಇನ್ನು ತಂತ್ರಾಂಶ ತರುವ ಕೆಲಸ. ಇದು ಪುಕ್ಕಟೆ ಹೌದು, ಆದರೆ ಡೇಟಾ ಪುಕ್ಕಟೆಯಲ್ಲ. ಮಿಂಟ್ ಅನುಸ್ಥಾಪಿಸಲು ಬೇಕಾದ ಐಎಸ್‌ಒ ಕಡತ ಹೆಚ್ಚುಕಡಿಮೆ 3 ಜಿಬಿ. ನಮ್ಮ ಮೊಬೈಲ್ ಪ್ಯಾಕು ದಿನಕ್ಕೆ ಒಂದೂವರೆಯೋ ಎರಡೋ ಜಿಬಿ. ಬೆಳಿಗ್ಗೆ ಶುರು ಮಾಡಿದ ಇಳಿಕೆ ಮಧ್ಯಾಹ್ನ ಅರ್ಧಕ್ಕೆ ನಿಲ್ಲುತ್ತದೆ. ಅರಣ್ಯದಂಚಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಸಿಗ್ನಲ್ಲೂ ಕೈಕೊಡುತ್ತದೆ. ಬ್ರೌಸರಿನಲ್ಲಿ ನೇರವಾಗಿ ಇಳಿಸಿದರೆ ತುಂಡಾದದ್ದು ಮತ್ತೆ ಮೊದಲಿನಿಂದ ಶುರುವಾಗುವ ಭಯವಿದೆ. ಮಿಂಟ್‌ನವರು ಟೊರೆಂಟ್ ಕೊಂಡಿಯನ್ನೂ ಕೊಡುತ್ತಾರೆ, ಅದರಲ್ಲಿ ನಿಂತಲ್ಲಿಂದ ಮುಂದುವರಿಯುತ್ತದೆ, ಎರಡು ದಿನದ ಡೇಟಾದಲ್ಲಿ ಇಳಿಯುತ್ತದೆ. ಟೊರೆಂಟ್ ಅಂದರೆ ಕದ್ದ ಸಿನಿಮಾ ಅಂದುಕೊಂಡವರು ಗಾಬರಿಯಾಗಬೇಡಿ, ಇದು ಅಧಿಕೃತ ದಾರಿಯೇ. ಇಳಿದ ಮೇಲೆ ಶಾ-256 ಎಂಬ ಪರೀಕ್ಷಾ ಸಂಖ್ಯೆಯನ್ನು ತಾಳೆ ನೋಡಿ. ಒಂದಕ್ಷರ ತಪ್ಪಿದರೂ ಕಡತ ಸರಿಯಾಗಿ ಬಂದಿಲ್ಲವೆಂದು ಅರ್ಥ. ಇವೆಲ್ಲ ರಗಳೆ ಅನ್ನಿಸಿದರೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಫೈಬರ್ ಇರುವ ನೆಂಟರಿಗೆ ಹೇಳಿ, ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಾರೆ. ಹಿಂದೆ ಈ ಕೆಲಸವನ್ನು ಅಂಚೆ ಇಲಾಖೆ ಮಾಡುತ್ತಿತ್ತು. 2004ರಲ್ಲಿ ಶುರುವಾದ ಉಬುಂಟು, ಕೇಳಿದವರಿಗೆಲ್ಲ ಸಿ.ಡಿ.ಯನ್ನು ಪುಕ್ಕಟೆಯಾಗಿ ಮನೆಗೆ ಕಳಿಸುತ್ತಿತ್ತು. 2011ರಲ್ಲಿ ಅದು ನಿಂತಿತು. ಇಂಟರ್‌ನೆಟ್ ಎಲ್ಲರ ಮನೆಗೂ ಬಂತಲ್ಲ ಎಂದು ದೂರದಲ್ಲಿ ಕೂತವರಿಗೆ ಅನ್ನಿಸಿರಬೇಕು.

ಕಡತ ಸಿಕ್ಕ ಮೇಲೆ 8 ಜಿಬಿಯ ಪೆನ್‌ಡ್ರೈವ್ ಸಾಕು. ವಿಂಡೋಸಿನಲ್ಲಿ ರೂಫಸ್ ಎಂಬ ಪುಟ್ಟ ತಂತ್ರಾಂಶ ತೆರೆದು ಐಎಸ್‌ಒವನ್ನು ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ಮನೆ ಕಾಪಿ ಮಾಡಿ ಹಾಕಿದರೆ ಕಂಪ್ಯೂಟರ್ ಅದರಿಂದ ಏಳುವುದಿಲ್ಲ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಯಂತ್ರ ಆಫ್ ಮಾಡಿ ಪೆನ್‌ಡ್ರೈವ್ ಚುಚ್ಚಿ ಮತ್ತೆ ಹಚ್ಚುವಾಗ ಡೆಲ್ ಮತ್ತು ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಕೀಲಿಯನ್ನು ಟಪಟಪ ಒತ್ತುತ್ತಿರಿ. ಪೆನ್‌ಡ್ರೈವಿನ ಹೆಸರು ಆರಿಸಿಕೊಂಡರೆ ಒಂದೆರಡು ನಿಮಿಷದಲ್ಲಿ ಮಿಂಟ್ ಎದ್ದು ನಿಲ್ಲುತ್ತದೆ. ಇನ್ನೂ ಏನನ್ನೂ ಅನುಸ್ಥಾಪಿಸಿಲ್ಲ, ಡಿಸ್ಕಿನಲ್ಲಿರುವುದಕ್ಕೆ ಏನೂ ಆಗಿಲ್ಲ.

ಜನ ಅವಸರ ಮಾಡುವುದು ಇಲ್ಲಿಯೇ. ಒಂದು ಸಂಜೆ ಪೂರ್ತಿ ಇದರಲ್ಲೇ ಇರಿ. ವೈಫೈ ಹಿಡಿಯುತ್ತದೆಯೇ, ಸ್ಪೀಕರಿನಲ್ಲಿ ಸದ್ದು ಬರುತ್ತದೆಯೇ, ಕ್ಯಾಮರಾ, ಬ್ಲೂಟೂತ್, ಪ್ರಿಂಟರ್ ಎಲ್ಲ ನೋಡಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದೆಯೇ ಅದನ್ನೂ ನೋಡಿ. ಕೆಲವು ವೈಫೈ ಚಿಪ್ಪುಗಳಿಗೆ ಡ್ರೈವರನ್ನು ಇಂಟರ್‌ನೆಟ್ಟಿನಿಂದಲೇ ತರಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು. ಈ ಬಿಕ್ಕಟ್ಟಿಗೆ ಮದ್ದು ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಹಿಡಿದುಕೊಳ್ಳುತ್ತದೆ. ವೈಫೈ ಇಲ್ಲದ ಹಳೇ ಡೆಸ್ಕ್‌ಟಾಪಿಗೆ ಇದೇ ಖಾಯಂ ವ್ಯವಸ್ಥೆಯೂ ಆಗಬಹುದು.

ಎಲ್ಲ ಸರಿ ಕಂಡರೆ ಪರದೆಯ ಮೇಲಿರುವ ಇನ್‌ಸ್ಟಾಲ್ ಚಿತ್ರ ಒತ್ತಿ. ಭಾಷೆ, ಕೀಲಿಮಣೆ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ ಬೇಕೇ ಎಂದು ಕೇಳಿದಾಗ ಗುರುತು ಹಾಕಿ, ಇಲ್ಲವಾದರೆ ಮುಂದೆ ಕೆಲವು ವಿಡಿಯೊ ಓಡುವುದಿಲ್ಲ. ಆಮೇಲೆ ಬರುವ ಪರದೆಯಲ್ಲಿ ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡು ಕೂರಬೇಕು. ಇರುವ ವಿಂಡೋಸಿನ ಪಕ್ಕದಲ್ಲೇ ಹಾಕಲೇ, ಇಡೀ ಡಿಸ್ಕ್ ಅಳಿಸಿ ಹಾಕಲೇ, ಅಥವಾ ನೀವೇ ಭಾಗ ಮಾಡಿಕೊಳ್ಳುತ್ತೀರಾ ಎಂದು ಅದು ಕೇಳುತ್ತದೆ. ಖಾಲಿ ಎಸ್‌ಎಸ್‌ಡಿ ಹಾಕಿಸಿದ್ದರೆ ಯೋಚನೆಯೇ ಬೇಡ, ಎರಡನೆಯದು. ಹಳೇ ಡಿಸ್ಕಿನಲ್ಲಿ ಫೋಟೊ, ಕಾಗದಪತ್ರ ಇದ್ದರೆ ಅದೇ ಎರಡನೆಯದು ಎಲ್ಲವನ್ನೂ ತೊಳೆದುಹಾಕುತ್ತದೆ, ಮತ್ತೆ ಸಿಗುವುದಿಲ್ಲ. ಪಕ್ಕದಲ್ಲಿ ಹಾಕುವವರು ಮೊದಲು ವಿಂಡೋಸಿನೊಳಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು, ಬಿಟ್‌ಲಾಕರ್ ಇದೆಯೇ ನೋಡಿಕೊಳ್ಳಬೇಕು, ಬ್ಯಾಕಪ್ ತೆಗೆದಿರಬೇಕು. ಡಿಸ್ಕಿನ ಭಾಗವನ್ನು ಕಿರಿದು ಮಾಡುವ ಹೊತ್ತಿನಲ್ಲಿ ಕರೆಂಟ್ ಹೋದರೆ ಎರಡೂ ಕಡೆಯಿಂದ ಹೋಗುತ್ತೇವೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇಟ್ಟುಕೊಂಡು ಆಷಾಢದ ಗಾಳಿಮಳೆಯಲ್ಲಿ ಈ ಸಾಹಸ ಬೇಡವೇ ಬೇಡ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಕೂರಿ. ಎಸ್‌ಎಸ್‌ಡಿಗೆ ಹಾಕುವ ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಪಾಸ್‌ವರ್ಡನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಮಿಂಟ್ ಪ್ರತಿ ದೊಡ್ಡ ಬದಲಾವಣೆಗೂ ಅದನ್ನು ಕೇಳುತ್ತದೆ.

ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಚಿತ್ರ ತೆಗೆದಿಡಿ. ಮುಂದೆ ಏನಾದರೂ ಎಡವಟ್ಟಾದರೆ ಆ ದಿನದ ಸ್ಥಿತಿಗೆ ಮರಳಬಹುದು.

ಕನ್ನಡದ ವಿಷಯಕ್ಕೆ ಬರೋಣ, ಇಲ್ಲಿ ಒಂದಿಷ್ಟು ಹೇಳುವುದಿದೆ. ಓದುವುದಕ್ಕೆ ಏನೂ ಮಾಡಬೇಕಿಲ್ಲ, ಅಕ್ಷರ ಸರಿಯಾಗಿಯೇ ಮೂಡುತ್ತವೆ. ಬರೆಯುವುದಕ್ಕೆ ಮಾತ್ರ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ ಎಂದು ಹುಡುಕಿ ಹಾಕಿಕೊಂಡು ಕನ್ನಡದ ಕಗಪ ವಿನ್ಯಾಸ ಆರಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಕೈ ಕುದುರಿದವರಿಗೆ ಇದು ಪರಿಚಿತವೇ. ಟಿ, ಎಫ್, ಟಿ ಒತ್ತಿದರೆ ಅತ್ತಿವೇರಿಯ ‘ತ್ತ’ ಬಂತು. ಎಫ್ ಒತ್ತಿ ಒತ್ತಕ್ಷರ ಕೂಡಿಸುವ ಆ ಅಭ್ಯಾಸ ಇಲ್ಲೂ ನಡೆಯುತ್ತದೆ. ಅಕ್ಷರರೂಪ ಬೇಕೆಂದರೆ ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಎಂಬ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ, ನವಿಲು ಕೈಬರಹದ ಶೈಲಿಯದು. ಪಕ್ಷಿಧಾಮದ ಊರಾದ ಅತ್ತಿವೇರಿಯವರು ಅವನ್ನೇ ಮೊದಲು ಹಾಕಿಕೊಂಡರೆ ನನ್ನ ಆಕ್ಷೇಪವಿಲ್ಲ. ಪಕ್ಕದ ಮುಂಡಗೋಡ ಟಿಬೆಟನ್ ಕ್ಯಾಂಪಿನವರಿಗೂ ಹೇಳಬೇಕಾದ ಮಾತಿದೆ. ಟಿಬೆಟನ್ ಲಿಪಿಯ ಕೀಲಿಮಣೆ ಲಿನಕ್ಸಿನಲ್ಲಿ ಅಡಕವಾಗಿಯೇ ಬರುತ್ತದೆ. ಅದೇ ಲಿಪಿ ಬಳಸುವ ಭೂತಾನ್ 2006ರಲ್ಲೇ ತನ್ನ ಜೊಂಗ್‌ಖಾ ಭಾಷೆಗೆಂದು ಡೆಬಿಯನ್ ಆಧಾರದ ಲಿನಕ್ಸ್ ಮಾಡಿಕೊಂಡಿತು. ಮಾರುಕಟ್ಟೆ ಸಣ್ಣದಾದ ಭಾಷೆಗಳಿಗೆ ಕಂಪನಿಗಳನ್ನು ಕಾಯುವುದಕ್ಕಿಂತ ಇದೇ ಹತ್ತಿರದ ದಾರಿ.

ತೊಡಕಿರುವುದು ಹಳೇ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಬರೆದಿಟ್ಟ ವರ್ಡ್ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇದು ಲಿನಕ್ಸಿನ ತಪ್ಪಲ್ಲ. ಆ ಕಡತದಲ್ಲಿರುವುದೇ ಇಂಗ್ಲಿಷ್ ಸಂಕೇತಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿತ್ತು, ಅಷ್ಟೆ. ಅಂಥವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಗುಬ್ಬಿ ಮಾಡಿದ ಅರವಿಂದರೇ ಒಂದನ್ನು ಬರೆದಿದ್ದಾರೆ. ಸೊಸೈಟಿಯ ಠರಾವು, ಯಕ್ಷಗಾನದ ಪ್ರಸಂಗ, ಊರಿನ ಜಾತ್ರೆಯ ಇತಿಹಾಸ ಎಂದು ಯಾರು ಏನೇ ಹಳೇ ಫಾಂಟಿನಲ್ಲಿ ಬರೆದಿಟ್ಟಿದ್ದರೂ, ವಿಂಡೋಸ್ ಬಿಡಲಿ ಬಿಡದಿರಲಿ, ಈಗಲೇ ಯೂನಿಕೋಡಿಗೆ ತಿರುಗಿಸಿ ಇಟ್ಟುಕೊಳ್ಳುವುದು ಜಾಣತನ.

ಹಕ್ಕಿ ನೋಡುವವರಿಗೆ ಒಂದು ಮಾತು. ಅತ್ತಿವೇರಿ ಜಲಾಶಯಕ್ಕೆ ನವೆಂಬರಿನಿಂದ ಮಾರ್ಚ್‌ವರೆಗೆ ಕ್ಯಾಮರಾ ಹೊತ್ತು ಬರುವವರು, ಅವರನ್ನು ನೋಡಿ ತಾವೂ ಕ್ಯಾಮರಾ ಹಿಡಿದ ಸ್ಥಳೀಯ ಹುಡುಗರು, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆಗಳ ಚಿತ್ರಗಳನ್ನು ಸಾವಿರಗಟ್ಟಲೆ ಗುಡ್ಡೆ ಹಾಕಿಕೊಂಡಿರುತ್ತಾರೆ. ರಾ ಚಿತ್ರ ತಿದ್ದಲು ಡಾರ್ಕ್‌ಟೇಬಲ್, ಹೆಸರು ಊರು ದಿನಾಂಕ ಹಚ್ಚಿ ಜೋಡಿಸಿಡಲು ಡಿಜಿಕ್ಯಾಮ್ ಇವೆ. ಎರಡೂ ಸ್ವತಂತ್ರ ತಂತ್ರಾಂಶಗಳು, ತಿಂಗಳ ಬಾಡಿಗೆ ಇಲ್ಲ. ಆರನೇ ತಲೆಮಾರಿನ ಯಂತ್ರದಲ್ಲಿ ಡಾರ್ಕ್‌ಟೇಬಲ್ ಸ್ವಲ್ಪ ಏದುಸಿರು ಬಿಡುತ್ತದೆ, ಆದರೆ ಕೆಲಸ ಮುಗಿಸುತ್ತದೆ.

ಇಷ್ಟೆಲ್ಲ ಹೇಳುವಾಗ ನನಗೆ ಕಾಸರಗೋಡಿನ ಮಕ್ಕಳ ಮೇಲೆ ಸಣ್ಣ ಹೊಟ್ಟೆಕಿಚ್ಚಿದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿ, ಕೆಲವೇ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದಿತು. ಅಲ್ಲಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಆ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲೇ ಇದೆ. ಅಂದರೆ ಕನ್ನಡದಲ್ಲಿ ಲಿನಕ್ಸ್ ಕಲಿಯುವ ಹೈಸ್ಕೂಲ್ ಮಕ್ಕಳು ಗಡಿಯಾಚೆ ಇದ್ದಾರೆ. ನಮ್ಮಲ್ಲಿ ಪ್ರಯತ್ನ ಆಗಿಲ್ಲವೆಂದಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜತೆಗೂಡಿ ಹೈಸ್ಕೂಲ್ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿ ಉಬುಂಟು ಕಲಿಸಿತು. ಅದಕ್ಕೂ ಮುಂಚೆ, ಈ ಶತಮಾನದ ಆರಂಭದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯೂ ಸೇರಿ ಬಡವರ ಅಂಗೈ ಕಂಪ್ಯೂಟರ್ ಎಂದು ಸಿಂಪ್ಯೂಟರ್ ತಯಾರಿಸಿದಾಗ ಅದರೊಳಗೆ ಇಟ್ಟದ್ದು ಲಿನಕ್ಸನ್ನೇ. ಅದು ಜನರ ಕೈ ಸೇರುವಷ್ಟರಲ್ಲಿ ಮೊಬೈಲ್ ಬಂದು ಮಾರುಕಟ್ಟೆ ನುಂಗಿತು. ಬುದ್ಧಿ ಇಲ್ಲಿಯದೇ, ಹಿಡಿದು ಮುಂದುವರಿಸಿದ್ದು ಮಾತ್ರ ಪಕ್ಕದ ರಾಜ್ಯ.

ಒಬ್ಬರ ಮನೆಯಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇದ್ದರೆ ಅದು ಒಂಟಿ. ತೊಂದರೆ ಬಂದಾಗ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ, ಮೂರನೇ ವಾರಕ್ಕೆ ಅಂಗಡಿಯವ ಮತ್ತೆ ಕದ್ದ ವಿಂಡೋಸ್ ಹಾಕುತ್ತಾನೆ. ಊರಿನಲ್ಲಿ ನಾಲ್ಕು ಇದ್ದರೆ ಮಾತು ಬೇರೆ. ಅದಕ್ಕೇ ಮುಂಡಗೋಡ, ಹಳಿಯಾಳ, ಜೊಯಿಡಾ, ದಾಂಡೇಲಿ ಭಾಗದ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿಗೆ, ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳಿಗೆ ನನ್ನ ಕೋರಿಕೆ ಇದು: ಮಿಂಟ್‌ನ ಐಎಸ್‌ಒ ಕಡತವನ್ನು ನಿಮ್ಮ ಒಂದು ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಳ್ಳಿ, ಬರೆದು ಸಿದ್ಧ ಮಾಡಿದ ಒಂದು ಪೆನ್‌ಡ್ರೈವನ್ನು ಡ್ರಾಯರಿನಲ್ಲಿಡಿ, ಕೇಳಿದವರಿಗೆ ಪುಸ್ತಕದ ಹಾಗೆಯೇ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಿ. ಇದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, ಪ್ರತಿ ಮಾಡಿಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.